ಇಟ್ಟ ಹೆಸರನ್ನು ಅಳಿಸಿದವರು

ಮೇಡಂ ಅವರ ಮಾತು ಕಡ್ಡಿ ಮುರಿದ ಹಾಗೆ ಎಂದು ಸಂಶೋಧನಾಲಯದಲ್ಲಿ ಎಲ್ಲರೂ ಹೇಳುತ್ತಿದ್ದರು. ಹೇಳಿ ನಗುತ್ತಲೂ ಇದ್ದರು, ಏಕೆಂದರೆ ಅವರ ಕಂದು ಕೋಟಿನ ನಾಲ್ಕೂ ಜೇಬುಗಳಲ್ಲಿ ಸದಾ ಬೆಂಕಿಪೆಟ್ಟಿಗೆಗಳು ಗಲಗಲ ಎನ್ನುತ್ತಿದ್ದವು, ಒಂದರಲ್ಲೂ ಕಡ್ಡಿ ಇರುತ್ತಿರಲಿಲ್ಲ. ಇದ್ದದ್ದು ತೊಗಟೆಯ ಚೂರುಗಳು, ಅವುಗಳ ಮೇಲೆ ಸಾಸಿವೆಗಿಂತ ಸಣ್ಣ ತಲೆಗಳನ್ನೆತ್ತಿ ನಿಂತ ಲೋಳೆಬೂಷ್ಟು. ಸಸ್ಯವೂ ಅಲ್ಲದ, ಪ್ರಾಣಿಯೂ ಅಲ್ಲದ, ಹೆಸರಿನಲ್ಲಿ ಬೂಷ್ಟಿದ್ದರೂ ಬೂಷ್ಟೂ ಅಲ್ಲದ ಆ ವಿಚಿತ್ರ ಜೀವಿ ಮೊದಲು ಹಳದಿ ಲೋಳೆಯಾಗಿ ಕೊಳೆತ ಮರದ ಮೇಲೆ ಹರಿದಾಡುತ್ತದೆ, ಕಾಲ ಬಂದಾಗ ಒಂದೆಡೆ ನಿಂತು, ಕಾಂಡ ನೆಟ್ಟು, ತಲೆ ಕಟ್ಟಿ, ಬೀಜಕಗಳನ್ನು ಗಾಳಿಗೆ ತೂರುತ್ತದೆ. ಅದರ ಪ್ರಭೇದಗಳನ್ನು ಗುರುತಿಸಿ ವಿಂಗಡಿಸುವುದು ಮೇಡಂ ಅವರ ಮೂವತ್ತು ವರ್ಷಗಳ ಕೆಲಸ. ಆ ಸಂಸ್ಥೆಯ ಪತ್ರಿಕೆಯ ಕರಡು ತಿದ್ದುವುದು ನನ್ನದು.

ನಾಲ್ಕು ಹೆಜ್ಜೆಗೊಮ್ಮೆ ನಿಂತು ನೆಲ ನೋಡುವ ನಡಿಗೆ ಅವರದು. ಬೀದಿಯಲ್ಲಿ ಹೋಗುವವರು "ಏನ್ ಕಳ್ಕೊಂಡ್ರಮ್ಮಾ?" ಎಂದು ತಾವೂ ಬಗ್ಗಿ ಹುಡುಕಲು ತೊಡಗುತ್ತಿದ್ದರು. ಯಾರು ಏನೇ ಸುದ್ದಿ ತಂದರೂ ಅವರದು ಒಂದೇ ಪ್ರಶ್ನೆ: "ನೋಡಿದ್ದು ಯಾರು?" ಆ ಪ್ರಶ್ನೆಗೆ ಹೆದರಿ ನಮ್ಮ ಕಚೇರಿಯ ಎಷ್ಟೋ ಗಾಳಿಸುದ್ದಿಗಳು ಬಾಗಿಲಲ್ಲೇ ಸತ್ತವು. ಅದನ್ನು ಅವರಿಗೆ ಕಲಿಸಿದವರು ಅವರ ಮೇಷ್ಟ್ರು, ಸಂಸ್ಥೆಯ ಹಳೆಯ ಮುಖ್ಯಸ್ಥರು. ಪ್ರಾಯದಲ್ಲಿ ತಾವು ಕಂಡುಹಿಡಿದ ಒಂದೇ ಒಂದು ಹೊಸ ಪ್ರಭೇದಕ್ಕೆ ಮೇಡಂ ಇಟ್ಟದ್ದು ಆ ಮೇಷ್ಟ್ರ ಹೆಸರನ್ನೇ. ಅದರ ಚಿತ್ರ ಸಂಸ್ಥೆಯ ಕಾಗದದ ನೆತ್ತಿಯ ಮೇಲೆ ಏರಿತು, ಹೆಬ್ಬಾಗಿಲ ಪಕ್ಕದ ಹಿತ್ತಾಳೆ ಫಲಕದಲ್ಲಿ ಕೂತಿತು.

ಒಂದು ಬೆಳಗ್ಗೆ ದೂರದ ಊರಿನ ಸಂಶೋಧಕಿಯೊಬ್ಬಳ ಕಾಗದ ಬಂತು. ನಾಲ್ಕು ಮಳೆಗಾಲ ಹುಡುಕಿದರೂ ಆ ಪ್ರಭೇದ ತನಗೆ ಸಿಕ್ಕಿಲ್ಲ, ನಿನಗೆ ಈ ಕೆಲಸಕ್ಕೆ ಬೇಕಾದ ಕಣ್ಣಿಲ್ಲ ಎಂದು ಮಾರ್ಗದರ್ಶಕರು ಹೇಳಿಬಿಟ್ಟಿದ್ದಾರೆ, ಬಿಡುವ ಮುನ್ನ ಒಮ್ಮೆ ತಮ್ಮನ್ನು ಕೇಳೋಣವೆನಿಸಿತು ಎಂದು ಬರೆದಿದ್ದಳು. ಮೇಡಂ ಅದನ್ನು ಎರಡು ಸಲ ಓದಿ, ಹೆಸರಿಡುವಾಗ ಕಾದಿರಿಸಿದ್ದ ತಮ್ಮ ಮೂಲ ಮಾದರಿಯನ್ನು ಕಪಾಟಿನಿಂದ ಇಳಿಸಿದರು.

ಆ ಪ್ರಭೇದದ ಹೆಗ್ಗುರುತು ಒಂದೇ: ತಲೆಯ ಸಿಪ್ಪೆಯ ಮೇಲೆ ಸುಣ್ಣದ ಕಣಗಳಿಲ್ಲದಿರುವುದು. ಉಳಿದುದೆಲ್ಲ ಎಲ್ಲೆಡೆ ಸಿಗುವ ಹಳೆಯ ಪ್ರಭೇದವೊಂದರಂತೆಯೇ. ಮೇಡಂ ಆ ಹಳೆಯ ಪ್ರಭೇದದ ಲೋಳೆಯನ್ನು ತಂದು ಅಡುಗೆಮನೆಯ ಅಗಲ ಡಬ್ಬದಲ್ಲಿ ಸಾಕಿದರು. "ಅಕ್ಕಾ, ನಮ್ಮ ಓಟ್ಸೆಲ್ಲಾ ಅದರ ಪಾಲಾಗ್ತಿದೆಯಲ್ಲೇ!" ಎಂದು ತಂಗಿ ಗೊಣಗುತ್ತಲೇ ಇದ್ದಳು. ಡಬ್ಬದ ಒಂದು ಬದಿ ಒಣಗಿತ್ತು. ಇನ್ನೊಂದು ಬದಿಗೆ ಹನಿಹನಿಯಾಗಿ ನೀರು ಬೀಳುತ್ತಿತ್ತು. ಹನ್ನೊಂದನೆಯ ದಿನ ಲೋಳೆ ತಲೆ ಕಟ್ಟಿತು. ಒಣಬದಿಯಲ್ಲಿ ಸುಣ್ಣ ಹಚ್ಚಿದ ತಲೆಗಳು, ಒದ್ದೆಬದಿಯಲ್ಲಿ ಬೋಳು ತಲೆಗಳು. ಒಂದೇ ಜೀವಿ. ಅವರು ಕಂಡುಹಿಡಿದಿದ್ದ ಪ್ರಭೇದವೆಂಬುದೇ ಇರಲಿಲ್ಲ. ನೀರು ಸೋರುವ ಕಡೆ ಬೆಳೆದು ಸುಣ್ಣ ಕಳೆದುಕೊಂಡ ಹಳೆಯ ಪ್ರಭೇದವದು.

ತಮ್ಮ ತಪ್ಪನ್ನು ಒಂದು ಪುಟದಲ್ಲಿ ಬರೆದು ಮೇಡಂ ನನ್ನ ಮೇಜಿನ ಮೇಲಿಟ್ಟರು. ನಿರ್ದೇಶಕರು ಅಂದೇ ನನ್ನನ್ನು ಕರೆಸಿ, "ಆ ಪುಟ ತೆಗೀರಿ. ಅಲ್ಲಿ ತೋಟದ ಫೋಟೋ ಹಾಕಿ" ಎಂದರು. ಹಾಕಿದೆ. ಇದನ್ನು ಬರೆಯುವಾಗ ಇಂದಿಗೂ ನನಗೆ ಮೈ ಉರಿಯುತ್ತದೆ, ಅವರ ಮೇಲೆ ಅರ್ಧ, ನನ್ನ ಮೇಲೆ ಅರ್ಧ.

"ತೆಗೆದಿದ್ದು ಯಾರು?" ಎಂದು ಕೇಳುತ್ತಲೇ ಮೇಡಂ ಒಳಗೆ ಬಂದರು.

"ನಿರ್ದೇಶಕರು ಹೇಳಿದ್ರು ಮೇಡಂ..."

"ಹೇಳಿದ್ದು ಅವರ ಬಾಯಿ. ತೆಗೆದ ಕೈ ಯಾವುದು?"

ಕೈಯಲ್ಲಿದ್ದ ಪೆನ್ನನ್ನು ನಾನು ಕೆಳಗಿಟ್ಟೆ. ಅವರು ನೇರ ನಿರ್ದೇಶಕರ ಕೊಠಡಿಗೆ ಹೋದರು. ಬಾಗಿಲು ತೆರೆದೇ ಇತ್ತು, ಹಿಂದೆಯೇ ಹೋದ ನಾನು ಹೊಸ್ತಿಲಲ್ಲಿ ನಿಂತೆ.

"ಇನ್ನೆರಡು ವರ್ಷಕ್ಕೆ ನಿಮಗೆ ನಿವೃತ್ತಿ. ಸುಮ್ನಿದ್ರೆ ಯಾರ ಗಂಟೇನು ಹೋಗುತ್ತೆ ಮೇಡಂ?"

"ಅಲ್ಲಿ ಒಬ್ಬ ಹುಡುಗಿ ತನಗೆ ಕಣ್ಣೇ ಇಲ್ಲ ಅಂದ್ಕೊಂಡು ಕೂತಿದ್ದಾಳೆ! ಇಲ್ಲದ್ದನ್ನ ಎಲ್ಲಿಂದ ಹುಡುಕ್ತಾಳೆ ಅವಳು?"

ಕೊನೆಗೆ ನಿರ್ದೇಶಕರು ಉಪಾಯ ಹೂಡಿದರು: ಹೆಸರು ಮೇಷ್ಟ್ರದು, ಅವರು ಒಪ್ಪಿದರೆ ಅಚ್ಚು ಹಾಕಿಸೋಣ. ಮೇಡಂ ನನ್ನತ್ತ ತಿರುಗಿ, "ಬನ್ನಿ ಇವ್ರೇ, ಸೂಕ್ಷ್ಮದರ್ಶಕ ಹೊರೋಕಾದ್ರೂ ಆ ಕೈ ಬರ್ಲಿ" ಎಂದರು.

ತೊಂಬತ್ತರ ಮೇಷ್ಟ್ರು ಕಿಟಕಿಯ ಬಳಿ ಕನ್ನಡಕವಿಲ್ಲದೆ ಪತ್ರಿಕೆ ಓದುತ್ತಿದ್ದರು. ಮೇಡಂ ಎಲ್ಲವನ್ನೂ ಹೇಳಿ, ಎರಡು ಬಗೆಯ ತಲೆಗಳನ್ನೂ ಮಸೂರದಡಿ ಜೋಡಿಸಿ, "ಒಂದೇ ಒಂದ್ಸಲ ನೋಡಿ ಮೇಷ್ಟ್ರೇ" ಎಂದು ಬೇಡಿಕೊಂಡರು.

"ನನಗೆ ಈಗ ಕಣ್ಣು ಕಾಣಲ್ಲ."

"ಮೇಷ್ಟ್ರೇ..."

"ಸಾಯೋ ಕಾಲಕ್ಕೆ ನನ್ನ ಹೆಸರು ಅಳಿಸೋಕೆ ಬಂದಿದ್ದೀಯಲ್ಲ! ಇದಕ್ಕೇನಾ ನಿನಗೆ ಕಲಿಸಿದ್ದು?"

"ಇದಕ್ಕೇ ಅಂತ ಅಂದ್ಕೊಂಡಿದ್ದೆ" ಎಂದರು ಮೇಡಂ. ಮೇಷ್ಟ್ರು ಗೋಡೆಯ ಕಡೆ ಮುಖ ತಿರುಗಿಸಿದರು.

ಮೆಟ್ಟಿಲಿಳಿಯುವಾಗ ಮೇಡಂ ಕಂಬಿ ಹಿಡಿದು ನಿಂತುಬಿಟ್ಟರು. ಅವಮಾನಕ್ಕೆ ಅಳುತ್ತಾರೆಂದುಕೊಂಡೆ, ಅವರಿಗೆ ಬಂದದ್ದು ಕೋಪ. "ಬೈದಿದ್ದಕ್ಕೆ ಬೇಜಾರಿಲ್ಲ ಇವ್ರೇ. ನೋಡಿ ಬೈಬೇಕಿತ್ತು! ನೋಡ್ಲೇ ಇಲ್ಲ!"

ಮರುದಿನ ಅವರು ಮೂಲ ಮಾದರಿಯ ಪೆಟ್ಟಿಗೆಗೆ ತಮ್ಮ ಸಹಿಯೊಂದಿಗೆ ಚೀಟಿ ಅಂಟಿಸಿದರು: "ಇದು ಪ್ರತ್ಯೇಕ ಪ್ರಭೇದವಲ್ಲ. ತಪ್ಪು ನನ್ನದು." ಇದೇ ಮಾದರಿಯ ತುಣುಕುಗಳಿದ್ದ ಇಪ್ಪತ್ತಾರು ಸಂಗ್ರಹಾಲಯಗಳಿಗೂ ಕೈಬರಹದಲ್ಲಿ ಕಾಗದ ಬರೆದರು, ಆ ಇಪ್ಪತ್ತಾರಕ್ಕೂ ವಿಳಾಸ ಬರೆದದ್ದು ನಾನು, ನನ್ನಿಂದಾದ ಪ್ರಾಯಶ್ಚಿತ್ತ ಅಷ್ಟೇ. ಬೇರೊಂದು ಊರಿನ ಸಣ್ಣ ಪತ್ರಿಕೆ ಅವರ ಟಿಪ್ಪಣಿಯನ್ನು ಕೊನೆಯ ಪುಟದಲ್ಲಿ ಅಚ್ಚು ಹಾಕಿತು. ನಮ್ಮ ಸಂಸ್ಥೆ ಅವರಿಗೆ ನೋಟಿಸು ಕೊಟ್ಟು, ಉಳಿದೆರಡು ವರ್ಷ ಒಡೆದ ಗಾಜುಸಾಮಾನಿನ ಉಗ್ರಾಣದಲ್ಲಿ ಕೂರಿಸಿತು. ಮೇಷ್ಟ್ರು ಮತ್ತೆ ಅವರೊಡನೆ ಮಾತಾಡದೆಯೇ ತೀರಿಕೊಂಡರು. ಹಿತ್ತಾಳೆ ಫಲಕವನ್ನು ಈಗಲೂ ವಾರಕ್ಕೊಮ್ಮೆ ಉಜ್ಜಿ ಹೊಳೆಯಿಸುತ್ತಾರೆ.

ಮೇಡಂ ಆ ಸಂಶೋಧಕಿಗೂ ಬರೆದಿದ್ದರು, ಅವಳ ಉತ್ತರ ಬಂದದ್ದು ಉಗ್ರಾಣದ ವಿಳಾಸಕ್ಕೆ. "ನನ್ನ ಕಣ್ಣು ಸರಿಯಿದೆಯೆಂದು ನೀವು ಬರೆದದ್ದನ್ನು ಅಮ್ಮನಿಗೆ ಜೋರಾಗಿ ಓದಿ ಹೇಳಿದೆ. ಕೆಲಸ ಬಿಟ್ಟಿಲ್ಲ." ಮೇಡಂ ಅದನ್ನು ನನಗೆ ಕೊಟ್ಟು, ನಾನು ಓದಿ ಮುಗಿಸುವವರೆಗೆ ಬೇರೆಡೆ ನೋಡುತ್ತಿದ್ದರು.

ಹೊಸತನ್ನು ಕಂಡೆನೆಂದವರಿಗೆ ಎದ್ದುನಿಂತು ಚಪ್ಪಾಳೆ ತಟ್ಟುವ ನಾವು, ಕಂಡದ್ದು ತಪ್ಪೆಂದು ತಾವಾಗಿ ಬಂದು ಹೇಳುವವರಿಗೆ ಕೂರಲು ಕುರ್ಚಿಯನ್ನೂ ಕೊಡುವುದಿಲ್ಲ. ಅವರ ಪ್ರಾಮಾಣಿಕತೆಯನ್ನು ಹಟವೆನ್ನುತ್ತೇವೆ, ಕೃತಘ್ನತೆಯೆನ್ನುತ್ತೇವೆ, ನಮ್ಮ ಹೇಡಿತನಕ್ಕೆ ಮಾತ್ರ ವಿವೇಕವೆಂಬ ಹೆಸರಿಡುತ್ತೇವೆ. ಇಂಥವರು ಜಗತ್ತಿನ ಜ್ಞಾನಕ್ಕೆ ಏನನ್ನೂ ಸೇರಿಸಿದಂತೆ ತೋರುವುದಿಲ್ಲ. ಅವರು ಎದ್ದುಹೋದ ಮೇಲೆ ಉದ್ದನೆಯ ಪಟ್ಟಿಯಲ್ಲಿ ಒಂದು ಸಾಲು ಕಡಿಮೆಯಾಗಿರುತ್ತದೆ, ಅಷ್ಟೇ. ಉಳಿದ ಸಾಲುಗಳನ್ನು ನಾವು ನಂಬಿ ಓದುವುದು ಆ ಒಂದು ಸಾಲು ಹೋದದ್ದರಿಂದ.