ಬದಲಿಗೆ ಬಂದವನು

"ಹಾಗಾದ್ರೆ ಆಸ್ಪತ್ರೆಯಲ್ಲಿ ಮೂರು ವಾರ ಬಿದ್ದುಕೊಂಡದ್ದು ಯಾರು, ನಿನ್ನ ಅಜ್ಜನಾ?" ದಯಾನಂದ ಮೇಜಿಗೆ ಕೈ ಬಡಿದ. "ಅಲ್ಲಿ ತನಿಯಪ್ಪ ಅಂತ ಕರೆದಾಗ ಓ ಅಂದವ ನೀನೇ ಅಲ್ವಾ? ಈಗ ಅದೇ ಹೆಸರಲ್ಲಿ ಒಂದು ಸಹಿ ಹಾಕ್ಲಿಕ್ಕೆ ಎಂತ ರೋಗ?"

"ಓ ಅನ್ನಲಿಲ್ಲ ನಾನು," ಡೊಂಬಯ್ಯ ಹೇಳಿದ. "ನರ್ಸ್ ಬಂದು ಭುಜ ತಟ್ಟಿದ ಮೇಲೆ ಕಣ್ಣು ಬಿಟ್ಟದ್ದು."

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹಿಂದೆ ಗುತ್ತಿಗೆದಾರ ದಯಾನಂದನ ಆಫೀಸು. ಅಂಗಳದಲ್ಲಿ ಒಂದರ ಮೇಲೊಂದು ಪೇರಿಸಿದ ಕರಿ ಪೈಪುಗಳು. ಬಿಸಿಲಿಗೆ ಗಾಳಿ ಎದ್ದಾಗ ಅವುಗಳ ಬಾಯಿಯಿಂದ ಹೂಂ ಎಂಬ ಸಣ್ಣ ಸದ್ದು ಬರುತ್ತಿತ್ತು. ಡೊಂಬಯ್ಯ ಮುರಿದ ಕಾಲು ಚಾಚಿ ಕೂತು ಅದನ್ನೇ ಕೇಳುತ್ತಿದ್ದ. ಮಣ್ಣಿನಿಂದ ಎದ್ದು ಬಂದಂದಿನಿಂದ ಅವನಿಗೆ ಎಲ್ಲವೂ ಸ್ವಲ್ಪ ದೂರದಲ್ಲಿ ನಡೆಯುತ್ತಿರುವ ಹಾಗೆ.

ವಿಮೆ ಇಲ್ಲದೆ ನೀರಾವರಿ ಪೈಪಿನ ಗುತ್ತಿಗೆ ಸಿಗುವುದಿಲ್ಲವೆಂದು ದಯಾನಂದ ಹನ್ನೊಂದು ಆಳುಗಳ ಹೆಸರಿನ ಪಟ್ಟಿ ಬರೆದುಕೊಟ್ಟಿದ್ದ. ಅದರಲ್ಲಿ ಡೊಂಬಯ್ಯನ ಹೆಂಡತಿಯ ತಮ್ಮ ತನಿಯಪ್ಪನ ಹೆಸರಿತ್ತು, ಡೊಂಬಯ್ಯನದು ಇರಲಿಲ್ಲ. ತನಿಯಪ್ಪ ಕಂಬಳದ ಕೋಣಗಳನ್ನು ನೋಡಿಕೊಳ್ಳುವವನು. ಅವುಗಳ ಜೊತೆ ಹೋಗುವ ದಿನ ಭಾವನನ್ನು ಕೆಲಸಕ್ಕೆ ಕಳುಹಿಸುತ್ತಿದ್ದ. ಈ ಕಡೆ ಅದು ತಪ್ಪೆಂದು ಯಾರಿಗೂ ಅನಿಸುವುದಿಲ್ಲ. ಮನೆಯಿಂದ ಒಂದು ಆಳು ಬಂದರೆ ಸರಿ, ಯಾರು ಬಂದರೂ ಹಾಜರಿ ಒಂದೇ ಹೆಸರಿಗೆ. ಮಣ್ಣು ಹೆಸರು ಕೇಳಿ ಬೀಳುವುದಿಲ್ಲವಲ್ಲ.

ತೋಡಾರಿನ ಗುಡ್ಡೆಯ ಬುಡದಲ್ಲಿ ಪೈಪಿಗೆ ಅಗೆದ ಕಣಿ ಆಳೆತ್ತರ ದಾಟಿತ್ತು. ಮುರಕಲ್ಲಿನ ಗಟ್ಟಿ ನೆಲ ತಾನಾಗಿ ನಿಲ್ಲುತ್ತದೆಂದು ಹಲಗೆಯ ಆಧಾರ ಕೊಟ್ಟಿರಲಿಲ್ಲ. ಅಗೆದ ಮಣ್ಣನ್ನೂ ಅಂಚಿನಲ್ಲೇ ರಾಶಿ ಹಾಕಿದ್ದರು. ಆದರೆ ಆ ಜಾಗದಲ್ಲಿ ಕಲ್ಲೇ ಇರಲಿಲ್ಲ. ಯಾವ ಕಾಲದಲ್ಲೋ ಮುಚ್ಚಿದ ಹೊಂಡ ಅದು. ಡೊಂಬಯ್ಯ ಪೈಪಿನ ಬಾಯಿ ಒರೆಸಲು ಬಗ್ಗಿದ್ದ. ಅಂಚು ಕುಸಿದಾಗ ಸದ್ದಾಗಲಿಲ್ಲ. ಯಾರೋ ಕಂಬಳಿ ಹೊದೆಸಿದ ಹಾಗೆ ಕತ್ತಲೆ ಬಂತು. ಮಣ್ಣು ಬೆಚ್ಚಗಿತ್ತು, ನೋವಿರಲಿಲ್ಲ. ಮುಖದ ಹತ್ತಿರ ಪೈಪಿನ ಬಾಯಿ. ಅದರೊಳಗಿಂದ ತಣ್ಣನೆ ಗಾಳಿ, ಇನ್ನೂ ಬಿಡದ ನೀರು ಬಹುದೂರದಿಂದ ಹರಿದು ಬರುವ ಸದ್ದು. ಮಲಗಿಬಿಡುವ ಅನಿಸಿತು.

ಆಗ ಆ ನೀರಿನೊಳಗಿಂದ ಕರೆ ಬಂತು. "ಡೊಂಬಯ್ಯಾ... ಓ ಡೊಂಬಯ್ಯಾ..." ಜೇಸಿಬಿಯ ಬದ್ರುದ್ದೀನ್ ಯಂತ್ರ ನಿಲ್ಲಿಸಿ, ಪೈಪಿನ ಆಚೆ ತುದಿಗೆ ಬಾಯಿಟ್ಟು ಕೂಗುತ್ತಿದ್ದ. ಉಳಿದವರು ಕೈಯಲ್ಲಿ ಮಣ್ಣು ಎಳೆದು ಮುಗಿಸುವವರೆಗೂ ಕೂಗಿದ. ಡೊಂಬಯ್ಯ ಪ್ರತಿ ಸಲವೂ ಪೈಪಿನೊಳಗೆ "ಓ" ಅಂದ.

"ಕೇಳಿಸ್ತಾ?" ದಯಾನಂದ ಸ್ವರ ತಗ್ಗಿಸಿದ. "ವಿಮೆಯ ಮೇಡಂ ಈಗ ಬರ್ತಾರೆ. ಇನ್ನೊಂದು ಆಪರೇಶನ್ ಆಗದಿದ್ರೆ ಕಾಲು ನೆಟ್ಟಗಾಗುವುದಿಲ್ಲ ಅಂತ ಡಾಕ್ಟ್ರು ಹೇಳಿದ್ದು ನೆನಪುಂಟಲ್ಲ? ಈ ಕಾಗದಕ್ಕೆ ಸಹಿ ಹಾಕಿದ್ರೆ ವಿಮೆಯ ದುಡ್ಡಲ್ಲಿ ಅದು ಆಗ್ತದೆ. ನಿನ್ನ ಹೆಸರಲ್ಲಿ ಏನೂ ಬರುವುದಿಲ್ಲ. ನೀನು ಪಟ್ಟಿಯಲ್ಲೇ ಇಲ್ಲ."

"ಪಟ್ಟಿಯಲ್ಲಿ ಇಲ್ಲದವ ಕಣಿಯಲ್ಲಿ ಹೇಗೆ ಇದ್ದೆ?"

"ಅದನ್ನೇ ಅವರು ಕೇಳುವುದು. ಆಗ ನಿನ್ನ ಕಾಲು ನನ್ನ ತಲೆಗೆ ಬರ್ತದೆ."

"ಬರ್ಲಿ. ಕಣಿ ನಿಮ್ಮದೇ ಅಲ್ವಾ ದಯಾನಂದಣ್ಣ." ಡೊಂಬಯ್ಯ ಮೆಲ್ಲ ಹೇಳಿದ. "ತನಿಯಪ್ಪನಿಗೂ ಕಷ್ಟ. ಕಾಗದದಲ್ಲಿ ಅವನ ಕಾಲು ಮುರಿದಿದೆ ಅಂತ ಮನೆಯೊಳಗೇ ಕೂತಿದ್ದಾನೆ. ಕೋಣಗಳು ಮೇವು ಬಿಟ್ಟಿವೆಯಂತೆ. ಅವನ ಬದಲಿಗೆ ಹೋದವನನ್ನು ಹತ್ತಿರ ಸೇರಿಸುವುದಿಲ್ಲವಂತೆ."

"ಕೋಣದ ಕತೆ ನನಗೆ ಬೇಡ. ಬರಿ."

ಡೊಂಬಯ್ಯ ಪೆನ್ನು ಹಿಡಿದ. 'ತ' ಎಂದು ಬರೆದ. ಅಂಗಳದಲ್ಲಿ ಗಾಳಿ ಎದ್ದಿತು. ಪೈಪುಗಳೆಲ್ಲ ಒಟ್ಟಿಗೆ ಹೂಂಗುಟ್ಟಿದವು. ಅವನ ಕೈ ನಿಂತಿತು.

"ಆ ದಿನ ಬದ್ರುದ್ದೀನ್ ನಿಮ್ಮ ಪಟ್ಟಿ ನೋಡಿ ಕರೆದಿದ್ರೆ," ಎಂದ, "ಬೇರೆ ಯಾರನ್ನೋ ಕರೀತಾರೆ ಅಂತ ನಾನು ನಿದ್ದೆ ಮಾಡ್ತಿದ್ದೆ."

ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ. ಊರುಗೋಲು ಹಿಡಿದು ಎದ್ದ. ಮೆಟ್ಟಿಲಲ್ಲಿ, ಕೈಯಲ್ಲಿ ಹೆಲ್ಮೆಟ್ ಹಿಡಿದು ಹತ್ತುತ್ತಿದ್ದ ವಿಮೆಯ ಮೇಡಂ ಬದಿಗೆ ಸರಿದು ದಾರಿ ಬಿಟ್ಟರು.

ದಯಾನಂದ ಅವರನ್ನು ನೋಡಲಿಲ್ಲ. ಬಾಗಿಲಿಗೆ ಓಡಿ ಬಂದು ಕೂಗಿದ. "ಡೊಂಬಯ್ಯಾ, ನಿಲ್ಲು ಮಾರಾಯ."

ಈ ಸಲ ಡೊಂಬಯ್ಯ ಓ ಅನ್ನಲಿಲ್ಲ. ಪೈಪುಗಳ ಪಕ್ಕದಲ್ಲೇ ನಿಧಾನಕ್ಕೆ ಹಾದು ಬಸ್‌ಸ್ಟ್ಯಾಂಡಿನ ಕಡೆ ತಿರುಗಿದ. ಮತ್ತೆ ಅವನು ಆ ಮೆಟ್ಟಿಲು ಹತ್ತಲಿಲ್ಲ.

ಮೇಡಂ ಫೈಲು ತೆರೆದು ಪಟ್ಟಿಯ ಮೇಲೆ ಬೆರಳು ಓಡಿಸಿದರು. ಕೊನೆಯವರೆಗೆ ಓಡಿಸಿ, ಮತ್ತೆ ಮೊದಲಿನಿಂದ ಓಡಿಸಿದರು.

"ಡೊಂಬಯ್ಯ ಯಾರು?" ಎಂದು ಕೇಳಿದರು.

ಫ್ಯಾನಿನ ಗಾಳಿಗೆ, ಒಂದೇ ಅಕ್ಷರ ಬರೆದಿದ್ದ ಕಾಗದ ಮೇಜಿನ ಮೇಲೆ ಏಳುತ್ತಿತ್ತು, ಮಲಗುತ್ತಿತ್ತು. ಹೊರಗೆ ಪೈಪುಗಳು ಸಣ್ಣಗೆ ಸದ್ದು ಮಾಡುತ್ತಲೇ ಇದ್ದವು.