ವಾಲಂಟಿಯರ್ ಬರ್ತಾರೆ

ನನ್ನ ಹೆಸರು ದಾಕ್ಷಾಯಣಿ. ಊರು ಮುಧೋಳ, ಮನೆ ವಿದ್ಯಾರಣ್ಯಪುರ, ಬಾಯಿ ಸ್ವಲ್ಪ ಜೋರು. ಎಂಟು ವರ್ಷದಿಂದ ರಸ್ತೆಯ ಮೇಲೆ ಓಡುತ್ತಿದ್ದೇನೆ. ಭಾನುವಾರ ಯಲಹಂಕ ದಾಟಿ ಚಿಕ್ಕಜಾಲದವರೆಗೆ ಸರ್ವಿಸ್ ರಸ್ತೆಯಲ್ಲಿ ಹೋಗಿ ಬಂದರೇನೇ ನನಗೆ ತಿಂಡಿ ರುಚಿಸುವುದು. ಇಷ್ಟು ವರ್ಷದಲ್ಲಿ ಅರ್ಧಕ್ಕೆ ಬಿಟ್ಟ ಓಟ ಒಂದೂ ಇಲ್ಲ. ಅದೇ ಕೊಬ್ಬಿನಲ್ಲಿ ದೊಡ್ಡಬಳ್ಳಾಪುರದಾಚೆಯ ಬೆಟ್ಟದಲ್ಲಿ ಐವತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟೆ. ಶುರುವಿಗೆ ಮುಂಚೆ ಮೈಕಿನಲ್ಲಿ ಏನೇನೋ ನಿಯಮ ಓದುತ್ತಿದ್ದರು. ನಾನು ವಾಚು ಸರಿಮಾಡಿಕೊಳ್ಳುತ್ತಿದ್ದೆ.

ರಸ್ತೆಯಲ್ಲಿ ಆರು ನಿಮಿಷಕ್ಕೆ ಮುಗಿಯುವ ಕಿಲೋಮೀಟರು ಇಲ್ಲಿ ಹನ್ನೆರಡಾದರೂ ಮುಗಿಯದು. ಕಲ್ಲು, ಮುಳ್ಳು, ಜಾರುವ ಮಣ್ಣು. ವಾಚು ನೋಡಿ ನೋಡಿ ತಲೆ ಕೆಟ್ಟಿತು. ಮೂವತ್ತನೇ ಕಿಲೋಮೀಟರಿನ ನೀರಿನ ಟೆಂಟನ್ನು ಹನ್ನೊಂದರೊಳಗೆ ದಾಟದಿದ್ದರೆ ಅಲ್ಲೇ ನಿಲ್ಲಿಸಿ ಜೀಪು ಹತ್ತಿಸುತ್ತಾರೆ.

ಇಪ್ಪತ್ತಾರರ ಹತ್ತಿರ ಇಳಿಜಾರಿನಲ್ಲಿ ಒಬ್ಬರು ಬಂಡೆಗೊರಗಿ ಕೂತಿದ್ದರು. ಅರವತ್ತರ ಆಸುಪಾಸು. ಎದೆಯ ನಂಬರಿನ ಕೆಳಗೆ ಚಿಕ್ಕಹನುಮಯ್ಯ ಅಂತ ಹೆಸರು. ಪಾದದ ಗಂಟು ಊದಿತ್ತು.

"ಕಾಲು ಉಳುಕ್ಬುಡ್ತು ಕಣಮ್ಮ," ಅಂದರು.

"ಕೂತಿರಿ ಯಜಮಾನ್ರೇ, ವಾಲಂಟಿಯರ್ ಬರ್ತಾರೆ," ಅಂದವಳೇ ಪಕ್ಕದಿಂದ ದಾಟಿಕೊಂಡು ಹೋದೆ.

ರಸ್ತೆ ಓಟದಲ್ಲಿ ನಾವೆಲ್ಲ ಹಾಗೇ. ಬಿದ್ದವರ ಪಕ್ಕದಿಂದ ಸುತ್ತಿಕೊಂಡು ಹೋಗುತ್ತೇವೆ. ಹಿಂದೆ ಆಂಬುಲೆನ್ಸ್ ಇರುತ್ತದೆ, ನೋಡಿಕೊಳ್ಳುವವರು ಇರುತ್ತಾರೆ.

ಒಂದು ಕಿಲೋಮೀಟರು ಹೋದೆ, ವಾಲಂಟಿಯರ್ ಕಾಣಲಿಲ್ಲ. ಎರಡಾಯಿತು. ದಾರಿ ತೋರಿಸಲು ಮರಕ್ಕೆ ಕಟ್ಟಿದ ಕೆಂಪು ಪಟ್ಟಿ ಬಿಟ್ಟರೆ ಒಂದು ನರಪಿಳ್ಳೆಯೂ ಇಲ್ಲ. ಫೋನ್ ತೆಗೆದೆ, ಸಿಗ್ನಲ್ ಇಲ್ಲ. ಟೆಂಟಿನಲ್ಲಿ ಹೇಳಿದರಾಯಿತು ಅಂದುಕೊಂಡರೂ ಹಿಂದಕ್ಕೆ ತಿರುತಿರುಗಿ ನೋಡುತ್ತಿದ್ದೆ. ಅಯ್ಯೋ, ಆ ಮನುಷ್ಯನ ಹತ್ತಿರ ನೀರಿತ್ತೋ ಇಲ್ಲವೋ, ಅದನ್ನೂ ಕೇಳಲಿಲ್ಲವಲ್ಲ!

ಟೆಂಟು ಮುಟ್ಟಿದಾಗ ಹತ್ತು ಐವತ್ತು. ಮೋನಿಷಾ ಅಂತ ಚೀಟಿ ಅಂಟಿಸಿಕೊಂಡ ಹುಡುಗಿ ಒಬ್ಬಳೇ ಬಾಳೆಹಣ್ಣು ಹೆಚ್ಚುತ್ತಿದ್ದಳು.

"ಮೇಲೆ ಒಬ್ರು ಬಿದ್ದಿದಾರೆ, ಯಾರನ್ನಾದ್ರೂ ಕಳ್ಸಮ್ಮ," ಅಂದೆ.

"ಆಂಟಿ, ಇಲ್ಲಿ ನಾನೊಬ್ಳೇ. ಜೀಪ್ ಬರೋಕೆ ಇನ್ನೂ ಒಂದ್ ಗಂಟೆ ಬೇಕು, ಬಂದ್ರೂ ಮೇಲೆ ಹತ್ತಲ್ಲ. ಬೆಳಗ್ಗೆ ಮೈಕಲ್ಲಿ ಹೇಳಿದ್ರಲ್ಲ? ಬಿದ್ದೋರ ಜೊತೆ ಓಡ್ತಿರೋರೇ ನಿಲ್ಬೇಕು."

"ಹಂಗಾರ ನೀವ್ ಯಾಕ ಇದ್ದೀರಿ? ಬರೀ ಬಾಳಿಹಣ್ಣು ಹೆಚ್ಚಾಕ?"

ಸಿಟ್ಟು ಬಂದಾಗ, ಅಳು ಬಂದಾಗ ನನಗೆ ಊರಿನ ಮಾತೇ ಬರುವುದು. ಪಾಪ, ಅವಳದೇನು ತಪ್ಪು? ಸಿಟ್ಟು ನನ್ನ ಮೇಲೆಯೇ ಇತ್ತು.

"ನೀವು ಹೋಗಿ ಆಂಟಿ, ಟೈಮಿದೆ. ಹಿಂದೆ ಬರೋರು ಯಾರಾದ್ರೂ ನಿಂತಿರ್ತಾರೆ," ಅಂದಳು ಅವಳು.

ಅಷ್ಟರಲ್ಲಿ ಹಿಂದಿನಿಂದ ಇಬ್ಬರು ಬಂದರು. ಬಿದ್ದವರನ್ನು ನೋಡಿದಿರಾ ಅಂತ ಕೇಳಿದೆ.

"ಹೂಂ ಮೇಡಂ. ವಾಲಂಟಿಯರ್ ಬರ್ತಾರೆ ಅಂತ ಹೇಳ್ಬಿಟ್ ಬಂದ್ವಿ," ಅಂದು ನೀರು ಕುಡಿದು ಹೊರಟೇಹೋದರು.

ಥೂ, ಆ ಮಾತು ಕೇಳುವುದಕ್ಕೆ ಎಷ್ಟು ಅಸಹ್ಯವಾಗಿತ್ತು! ಒಂದು ಬಾಟಲಿ ನೀರು, ನಾಲ್ಕು ಬಾಳೆಹಣ್ಣು ಎತ್ತಿಕೊಂಡು ಬಂದ ದಾರಿಯಲ್ಲೇ ಹತ್ತಿದೆ. ಎದುರಾದವರು "ಮೇಡಂ, ಉಲ್ಟಾ ಹೋಗ್ತಿದೀರಾ!" ಅಂತ ಕೂಗುತ್ತಿದ್ದರು. ಹನ್ನೊಂದಕ್ಕೆ ಸರಿಯಾಗಿ ವಾಚು ಬಡಿದುಕೊಂಡಿತು. ಅಳು ಬಂತು. ಸುಳ್ಳೇಕೆ ಹೇಳಲಿ, ಆ ಯಜಮಾನರಿಗಾಗಿ ಅಲ್ಲ, ನನ್ನ ಎಂಟು ವರ್ಷಕ್ಕಾಗಿ ಅತ್ತೆ. ಅಳುತ್ತಲೇ ನಾಲ್ಕು ಕಿಲೋಮೀಟರು ಹತ್ತಿದೆ.

ಚಿಕ್ಕಹನುಮಯ್ಯನವರು ಅದೇ ಬಂಡೆಗೊರಗಿ ಕೂತಿದ್ದರು. ತುಟಿ ಒಣಗಿತ್ತು. ನೀರು ಕೊಟ್ಟೆ, ಗಟಗಟ ಕುಡಿದರು. ಆಮೇಲೆ ನನ್ನ ಮುಖ ನೋಡಿ ಗುರುತು ಹಿಡಿದರು.

"ನಿನ್ ತರಾನೇ ಇನ್ನೂ ಒಂಬತ್ ಜನ ಅಂಗೇ ಯೋಳ್ಬುಟ್ಟು ಓದ್ರು ಕಣಮ್ಮ. ಎಲ್ಲವ್ನೆ ಆ ವಾಲಂಟೀರು?"

ಅವರ ಕೈಯನ್ನು ನನ್ನ ಹೆಗಲ ಮೇಲೆ ಹಾಕಿಕೊಂಡೆ.

"ಬಂದೀನಲ್ರೀ," ಅಂದೆ. "ಏಳ್ರಿ ಮ್ಯಾಲ."