ಅಣವೀರಪ್ಪನವರ ಮನೆಯ ಬೂಷ್ಟು

ಗೋಡೆಯ ಬೂಷ್ಟಿನ ಮೇಲೂ ಒಂದು ಕಥೆಯೇ ಎಂದು ಓದುವವರು ನಕ್ಕರೆ ತಪ್ಪಲ್ಲ. ತಿಳಿದವರು ಹೇಳಬೇಕಾದದ್ದನ್ನು ತಿಳಿಯದವರು ಹೇಳುವುದು ಅಧಿಕಪ್ರಸಂಗವೇ ಸರಿ, ಮನ್ನಿಸಬೇಕು. ತಿಳಿದವರು ಬಾಯಿ ಬಿಡಲಿಲ್ಲ, ಅದಕ್ಕೇ ಇದು.

ಕಮಲಾಪುರದ ಮಹಾದೇವಮ್ಮ ತನ್ನ ಅಕ್ಕನ ಮಗಳು ಭಾಗ್ಯಜ್ಯೋತಿಯನ್ನು ಕರೆದುಕೊಂಡು ಟೆಂಪೊ ಹತ್ತಿ ಕಲಬುರಗಿಗೆ ಬಂದಿದ್ದಳು. ಜೇವರ್ಗಿ ಕಾಲೋನಿಯ ಅಣವೀರಪ್ಪನವರ ಮನೆಯಲ್ಲಿ ಗೋಡೆ ಕೆರೆಯುವ ಕೆಲಸ. ಮಳೆಗಾಲವಿಡೀ ಮೇಲಿನ ನೀರಿನ ಟಾಂಕಿ ಸೋರಿ, ಮಲಗುವ ಕೋಣೆಯ ಗೋಡೆಗೆ ಕಪ್ಪು ಬೂಷ್ಟು ಹಿಡಿದಿತ್ತು. ಮಳೆ ಬಿಟ್ಟ ಮೇಲೆ ಒಣಗಿ, ಮುಟ್ಟಿದರೆ ಮಸಿಯಂತೆ ಉದುರುತ್ತಿತ್ತು.

ಅಣವೀರಪ್ಪನವರು ದೊಡ್ಡ ಮನುಷ್ಯರು. ಸಭೆಗಳಲ್ಲಿ ದುಡಿಮೆಯ ಘನತೆಯ ಬಗ್ಗೆ ಮಾತಾಡುತ್ತಾರೆ. ಜಾಗರೂಕತೆಗೂ ಅವರಲ್ಲಿ ಕೊರತೆಯಿಲ್ಲ. ಸೊಸೆ, ಮೊಮ್ಮಗ, ಪಂಜರದ ಗಿಳಿ, ಎಲ್ಲರನ್ನೂ ಬೀಗರ ಮನೆಗೆ ಕಳಿಸಿದ್ದರು. ಟಿವಿಗೆ, ಸೋಫಾಕ್ಕೆ ಪ್ಲಾಸ್ಟಿಕ್ ಹೊದಿಸಿದ್ದರು. ಮುಚ್ಚದೆ ಬಿಟ್ಟದ್ದು ಆ ಇಬ್ಬರು ಹೆಂಗಸರ ಮೂಗು ಮಾತ್ರ.

"ಕಿಟಕಿ ತೆಗೀಬ್ಯಾಡ್ರಿ. ಬಾಜೂ ಮಂದಿ ನೋಡ್ತಾರ, ಮರ್ಯಾದಿ ಹೋಗ್ತದ," ಎಂದರು.

"ಜರಾ ನೀರು ಹೊಡಕೊಂಡು ಕೆರೀತೀವ್ರಿ ಸಾವಕಾರ್ರೆ. ಧೂಳ ಭಾಳ ಏಳ್ತದ," ಎಂದಳು ಮಹಾದೇವಮ್ಮ.

"ನೀರು ಹೊಡದ್ರ ಗ್ವಾಡಿ ಯಾವಾಗ ಒಣಗಬೇಕು? ನಾಳಿಗಿ ಬಣ್ಣದಂವ ಬರ್ತಾನ. ಹಂಗೇ ಕೆರೀರಿ."

ಹೇಳಿ, ತಾವು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಪೇಪರ್ ಬಿಡಿಸಿದರು. ಒಳಗೆ ಕಾಲಿಡಲಿಲ್ಲ.

ಕೆರೆದಂತೆ ಕೋಣೆ ಕಪ್ಪಾಯಿತು. ಭಾಗ್ಯಜ್ಯೋತಿಗೆ ಚಿಕ್ಕಂದಿನಿಂದಲೂ ಉಬ್ಬಸ. ಗೋಡೆಗೆ ಕೈ ಊರಿ ನಿಂತಳು.

"ಚಿಗವ್ವ, ನನ್ನ ಎದ್ಯಾಗ ಪೀಪಿ ಊದ್ಲಾಕತ್ತಾರ ಕೇಳು. ಲಗ್ನದ ಮೆರವಣಿಗಿ ಹೊಂಟಂಗದ."

ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ.

ಅಷ್ಟರಲ್ಲಿ ಸೊಸೆ ಪ್ರೀತಿ, ಮಗುವಿನ ಉಬ್ಬಸದ ಔಷಧಿ ಮರೆತು ಹೋಗಿದ್ದವಳು, ಅದನ್ನು ಒಯ್ಯಲು ಬಂದಳು. ಕೋಣೆಯ ಬಾಗಿಲಲ್ಲೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಅಯ್ಯ, ಒಣಾದೇ ಕೆರೀಲಾಕತ್ತೀರಿ? ಮಾವಾರು ಹೇಳಿಲ್ಲೇನು? ಸಾಬೂನಿನ ನೀರು ಹೊಡದು, ಕಿಟಕಿ ತೆಗದು, ಮಾಸ್ಕ್ ಹಾಕ್ಕೊಂಡು ಕೆರೀಬೇಕಂತ ಡಾಕ್ಟರು ಅವರ ಮುಂದೇ ಹೇಳ್ಯಾರ. ಪುಡಿ ಎದಿಗಿ ಇಳೀತದಂತ. ಉಬ್ಬಸ ಇದ್ದೋರು ಮನ್ಯಾಗೇ ಇರಬಾರದಂತ. ಅದಕ್ಕೇ ನಾವು ಹೋಗಿದ್ದು!"

ಮಹಾದೇವಮ್ಮ ಕೈಯಲ್ಲಿದ್ದ ತಗಡಿನ ಪಟ್ಟಿ ಬಿಸಾಕಿದಳು. ಕಿಟಕಿಗಳನ್ನು ಧಡಧಡನೆ ತೆರೆದಳು. ತುಟಿ ಕಪ್ಪಿಟ್ಟಿದ್ದ ಹುಡುಗಿಯನ್ನು ತೋಳು ಹಿಡಿದು ಅಂಗಳಕ್ಕೆ ತಂದಳು.

"ಗಿಳಿಗೂ ಎದಿ ಅದ ಅಂತ ಗೊತ್ತಿತ್ತು ನಿಮಗ. ನಮ್ಮ ಹುಡುಗಿಗಿ ಇಲ್ಲಂತ ತಿಳದಿದ್ರೇನ್ರಿ?"

"ದನಿ ಇಳಿಸು. ಓಣಿ ಕೇಳ್ತದ."

"ಕೇಳ್ಲಿ ಅಂತೇ ಒದರ್ಲಾಕತ್ತೀನಿ. ಕಾರ್ ತೆಗೀರಿ ಮೊದಲ!"

ಅಕ್ಕಪಕ್ಕದ ಬಾಗಿಲುಗಳಲ್ಲಿ ಜನ ನಿಂತರು. ಅಣವೀರಪ್ಪನವರು ಹುಡುಗಿಯನ್ನಲ್ಲ, ಜನರನ್ನು ನೋಡಿ ಕೀಲಿ ತೆಗೆದರು. ಆಮೇಲೆ ಓದುತ್ತಿದ್ದ ಪೇಪರನ್ನು ಹಿಂದಿನ ಸೀಟಿನ ಮೇಲೆ ಅಚ್ಚುಕಟ್ಟಾಗಿ ಹಾಸಿದರು. ಅಂಥ ಹೊತ್ತಿನಲ್ಲೂ ಅದು ಅವರಿಗೆ ಹೊಳೆಯಿತು.

ಮಹಾದೇವಮ್ಮ ಆ ಪೇಪರನ್ನು ಮುದ್ದೆ ಮಾಡಿ ಅವರ ಕಾಲ ಬಳಿ ಎಸೆದಳು. ಮಸಿ ಮೆತ್ತಿದ ಹುಡುಗಿಯನ್ನು ಮುಂದಿನ ಸೀಟಿಗೇ ಕೂರಿಸಿದಳು.

ದವಾಖಾನೆಯಲ್ಲಿ ಉಸಿರು ಹಿಡಿತಕ್ಕೆ ಬಂತು. ಆದರೂ ನಾಲ್ಕು ಮೆಟ್ಟಿಲು ಹತ್ತಿದರೆ ಭಾಗ್ಯಜ್ಯೋತಿ ಈಗಲೂ ನಿಂತು ಸುಧಾರಿಸಿಕೊಳ್ಳಬೇಕು. ಅದು ಎಂದಿಗೆ ನೆಟ್ಟಗಾದೀತೆಂದು ಡಾಕ್ಟರೂ ಹೇಳಲಿಲ್ಲ.

ಮರುದಿನ ಮಹಾದೇವಮ್ಮ ಟೆಂಪೊದಲ್ಲಿ ಎಲ್ಲ ಹೆಂಗಸರಿಗೂ ಹೇಳಿದಳು. "ಒಣಾ ಗ್ವಾಡಿ ಅಂದ್ರ ಮುಟ್ಟಬ್ಯಾಡ್ರಿ. ಕಿಟಕಿ ಮುಚ್ರಿ ಅಂದೋರ ಮನಿ ಹೊಸ್ತಿಲಾ ದಾಟಬ್ಯಾಡ್ರಿ." ಉಳಿದ ಗೋಡೆ ಕೆರೆಯಲು ಕರೆತರಲೆಂದು ಅಣವೀರಪ್ಪನವರು ಆಳು ಕಳಿಸಿದಾಗ ಕಮಲಾಪುರದ ಒಬ್ಬಳೂ ಏಳಲಿಲ್ಲ.

ಟಾಂಕಿ ಸೋರುತ್ತಲೇ ಇದೆ. ಗೋಡೆ ಮಾತ್ರ ವಾರದೊಳಗೆ ಬೆಳ್ಳಗಾಯಿತು. ಉಳಿದರ್ಧ ಕೆರೆದವರು ಯಾರು, ಯಾವ ಊರಿನವರು, ಕೆರೆಯುವ ಮುಂಚೆ ಅವರಿಗೆ ಯಾರಾದರೂ ಹೇಳಿದ್ದರೋ ಇಲ್ಲವೋ, ಗೊತ್ತಿಲ್ಲ.